ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪ: ಹೂಳು ಸುರಿದು ಮಾಡಿದ 780 ಎಕರೆ

ಗುಂಡ್ಲುಪೇಟೆ: ಮುಂಗಾರು ಹಿಡಿಯಿತು ಅಂದರೆ ಗೊಬ್ಬರದ ಅಂಗಡಿ ಮುಂದೆ 'ಫ್ಯಾಕ್ಟಂಫಾಸ್ ಬಂತಾ?' ಅಂತ ಕೇಳುವವರು ಇದ್ದೇ ಇರುತ್ತಾರೆ. ಆ ಚೀಲ ತಯಾರಾಗುವುದು ಕೊಚ್ಚಿ ಪಕ್ಕದ ಫ್ಯಾಕ್ಟ್ ಕಾರ್ಖಾನೆಯಲ್ಲಿ. ಅದಕ್ಕೆ ಬೇಕಾದ ಗಂಧಕ, ರಾಕ್ ಫಾಸ್ಫೇಟ್, ಅಮೋನಿಯ ಹೊರದೇಶದಿಂದ ಹಡಗಿನಲ್ಲಿ ಬಂದು ಇಳಿಯುವ ಜಾಗ ವಿಲ್ಲಿಂಗ್ಡನ್ ದ್ವೀಪ. ಕೇರಳಕ್ಕೆ ತರಕಾರಿ, ಚೆಂಡುಹೂವು ಹೊತ್ತು ಹೋಗುವ ನಮ್ಮ ಲಾರಿ ಚಾಲಕರು ಈ ಹೆಸರು ಕೇಳಿಯೇ ಇರುತ್ತಾರೆ. ಆದರೆ ನೂರು ವರ್ಷದ ಹಿಂದೆ ಅಲ್ಲಿ ಬರೀ ನೀರಿತ್ತು, ಈಗಿರುವ ನೆಲ ಮನುಷ್ಯರು ಮಣ್ಣು ಸುರಿದು ಮಾಡಿದ್ದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಮೊದಲು ಜಾಗ ಎಲ್ಲಿದೆ ನೋಡೋಣ. ವೆಂಬನಾಡ್ ಹಿನ್ನೀರು ಸಮುದ್ರ ಸೇರುವ ಬಾಯಲ್ಲಿ ಕೊಚ್ಚಿ ಇದೆ. ಒಂದು ಕಡೆ ಎರ್ನಾಕುಲಂ, ಇನ್ನೊಂದು ಕಡೆ ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿ. ನಡುವಿನ ನೀರಿಗೆ ಸಮುದ್ರದ ಅಲೆಯ ಹೊಡೆತ ಇಲ್ಲ, ಹಡಗು ನಿಲ್ಲುವುದಕ್ಕೆ ಹೇಳಿ ಮಾಡಿಸಿದ ಜಾಗ. ತೊಂದರೆ ಇದ್ದದ್ದು ಒಳಗೆ ಬರುವುದರಲ್ಲೇ. ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬ ಕೂತಿತ್ತು. ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಮಳೆಗಾಲದಲ್ಲಿ ಕಡಲು ಕೆರಳಿದರೆ ಅದೂ ಕಷ್ಟ.

1920 ರಲ್ಲಿ ಮದ್ರಾಸ್ ಗವರ್ನರ್ ಆಗಿದ್ದ ಲಾರ್ಡ್ ವಿಲ್ಲಿಂಗ್ಡನ್, ರಾಬರ್ಟ್ ಬ್ರಿಸ್ಟೋ ಅನ್ನುವ ಎಂಜಿನಿಯರನ್ನು ಇಲ್ಲಿಗೆ ಕಳಿಸಿದರು. ಆಗ ಫೋರ್ಟ್ ಕೊಚ್ಚಿ ಬ್ರಿಟಿಷರದು, ಎರ್ನಾಕುಲಂ ಕೊಚ್ಚಿ ಮಹಾರಾಜರದು, ಪಕ್ಕದಲ್ಲೇ ತಿರುವಾಂಕೂರು ಸಂಸ್ಥಾನ. ಖರ್ಚು ಯಾರು ಹಾಕಬೇಕು, ಸುಂಕ ಯಾರಿಗೆ ಎಷ್ಟು ಅಂತ ತೀರ್ಮಾನ ಆಗುವುದಕ್ಕೇ ವರ್ಷಗಳು ಹಿಡಿದವು. ಬ್ರಿಸ್ಟೋ ಅಷ್ಟರಲ್ಲಿ ಉಬ್ಬರ ಇಳಿತ, ಗಾಳಿ, ಮರಳಿನ ಓಡಾಟ ಎಲ್ಲ ಲೆಕ್ಕ ಹಾಕುತ್ತಾ ಕೂತರು. ದಿಬ್ಬ ಕಡಿದರೆ ಪಕ್ಕದ ವೈಪಿನ್ ದಂಡೆ ಕೊಚ್ಚಿಹೋಗುತ್ತೆ ಅನ್ನುವ ಭಯ ಇತ್ತು. ಅದಕ್ಕೆ ದಂಡೆಯುದ್ದಕ್ಕೂ ಕಲ್ಲಿನ ತಡೆಗಳನ್ನು ಹಾಕಿಸಿ ಮೊದಲು ಪರೀಕ್ಷೆ ಮಾಡಿದರು.

ಆಮೇಲೆ 1926 ರಲ್ಲಿ ದೊಡ್ಡ ಡ್ರೆಜರ್ ಬಂತು. ನೀರಿನ ತಳದಿಂದ ಮಣ್ಣು ಮರಳು ಎತ್ತುವ ಹಡಗು ಅದು, ಅದರ ಹೆಸರೂ 'ಲಾರ್ಡ್ ವಿಲ್ಲಿಂಗ್ಡನ್'. ದಿಬ್ಬ ಕಡಿದು ದಾರಿ ಆದ ಮೇಲೆ 1928 ರ ಮೇ 26 ರಂದು 'ಪದ್ಮಾ' ಅನ್ನುವ ಹಡಗು ಒಳ ಬಂದರಿಗೆ ಮೊದಲ ಸಲ ಬಂತು. ಹಡಗು ತಿರುಗಲು, ನಿಲ್ಲಲು ಒಳಗೂ ಆಳ ಬೇಕಲ್ಲ, ಅಲ್ಲೂ ಅಗೆಯುವ ಕೆಲಸ ನಡೆಯಿತು.

ಹೀಗೆ ತೆಗೆದ ಹೂಳನ್ನು ಎಲ್ಲಿ ಹಾಕೋದು? ನಮ್ಮ ಕಡೆ ಕೆರೆ ಹೂಳೆತ್ತುವಾಗಲೂ ಇದೇ ಪ್ರಶ್ನೆ ತಾನೇ. ಇಲ್ಲಿ ರೈತರು ಟ್ರ್ಯಾಕ್ಟರ್ ತಂದು ಹೊಲಕ್ಕೆ ಹೊಡೆಸುತ್ತಾರೆ. ಅಲ್ಲಿ ವೆಂಡುರುತ್ತಿ ಅನ್ನುವ ಹಳೇ ದ್ವೀಪದ ಮಗ್ಗುಲಿಗೇ ನೀರಿನೊಳಗೆ ಸುರಿದು, ಅಂಚು ಕಟ್ಟಿ, ಗಟ್ಟಿ ಮಾಡುತ್ತಾ ಬಂದರು. ಹಾಗೆ ಸಿಕ್ಕಿದ್ದು ಸುಮಾರು 780 ಎಕರೆ. ಎಕರೆ ಲೆಕ್ಕ ನಮಗೆ ಹೊಸದಲ್ಲ, ಒಂದು ಊರಿನ ಹೊಲಗಳೆಲ್ಲ ಸೇರಿದಷ್ಟು. ಬಂದರಿನಂಥ ಕೆಲಸಕ್ಕೆ ಚಿಕ್ಕ ಜಾಗವೇ, ಆದರೆ ಮೂರು ಕಡೆ ಆಳದ ನೀರು ಇರುವ ಜಾಗ. 1936 ರಲ್ಲಿ ಕೊಚ್ಚಿಗೆ ಪ್ರಮುಖ ಬಂದರಿನ ಸ್ಥಾನ ಸಿಕ್ಕಿತು. ಬ್ರಿಸ್ಟೋ 1941 ರವರೆಗೆ ಅಲ್ಲೇ ಇದ್ದರು. ಮುಂದೆ 'ಕೊಚ್ಚಿನ್ ಸಾಗಾ' ಅಂತ ಪುಸ್ತಕವನ್ನೂ ಬರೆದರು.

ದ್ವೀಪದ ಮೇಲೆ ಏನೇನಿದೆ

ಒಂದೊಂದಾಗಿ ಎಲ್ಲಾ ಬಂದವು. ಎರಡೂ ದಡಕ್ಕೆ ಸೇತುವೆ, ಗೋದಾಮುಗಳು, ಸುಂಕದ ಕಚೇರಿ. 1943 ರಲ್ಲಿ ಹಾರ್ಬರ್ ಟರ್ಮಿನಸ್ ರೈಲು ನಿಲ್ದಾಣ. 1947 ರಿಂದ ಚಹಾ ಹರಾಜು. ನೀಲಗಿರಿ, ವಯನಾಡು, ಮುನ್ನಾರ್ ಕಡೆಯ ಚಹಾಪುಡಿಗೆ ಇವತ್ತಿಗೂ ಅದು ದೊಡ್ಡ ಮಾರುಕಟ್ಟೆ. ನೌಕಾಪಡೆಯ ದಕ್ಷಿಣ ಕಮಾಂಡ್ ಇರುವುದೂ ಇಲ್ಲೇ ಕೂಡಿಕೊಂಡಂತೆ. 1999 ರಲ್ಲಿ ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಶುರುವಾಗುವ ತನಕ ಕೊಚ್ಚಿಯ ಪ್ರಯಾಣಿಕರ ವಿಮಾನಗಳೂ ನೌಕಾಪಡೆಯ ಈ ನಿಲ್ದಾಣದಲ್ಲೇ ಇಳಿಯುತ್ತಿದ್ದವು.

ವ್ಯಾಪಾರಸ್ಥರು ಗಮನಿಸಬೇಕಾದ್ದು 2011 ರ ಮಾತು. ಆ ವರ್ಷ ಎದುರಿನ ವಲ್ಲಾರ್‌ಪಾಡಂ ದ್ವೀಪದಲ್ಲಿ ಹೊಸ ಕಂಟೇನರ್ ಟರ್ಮಿನಲ್ ಶುರುವಾಯಿತು. ಕಂಟೇನರ್ ಕೆಲಸ ಪೂರ್ತಿ ಆ ಕಡೆ ಹೋಯಿತು. ದೂರ ನೋಡಿದರೆ ಏನೂ ಅಲ್ಲ, ಕಣ್ಣಿಗೆ ಕಾಣುವಷ್ಟೇ. ಆದರೆ ಲಾರಿ ಬರುವ ದಾರಿ ಬದಲಾದರೆ ಟೀ ಅಂಗಡಿ, ಪಂಕ್ಚರ್ ಶಾಪು, ಗೋದಾಮಿನ ಬಾಡಿಗೆ, ಹಮಾಲರ ಕೂಲಿ ಎಲ್ಲಾ ಬದಲಾಗುತ್ತೆ. ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾರ್ಬರ್ ಟರ್ಮಿನಸ್‌ಗೂ ಹಲವು ವರ್ಷಗಳಿಂದ ಮೊದಲಿನಂತೆ ನಿತ್ಯದ ರೈಲುಗಳಿಲ್ಲ. ಈಗ ದ್ವೀಪಕ್ಕೆ ಉಳಿದಿರುವುದು ಗೊಬ್ಬರದ ಕಚ್ಚಾಮಾಲು, ಬಿಡಿ ಸರಕು, ಪ್ರವಾಸಿ ಹಡಗುಗಳು, ಮತ್ತೆ ಕಚೇರಿಗಳು.

ಮುಗಿಯದ ಅಗೆತ

ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು ನೋಡಿದರೆ ಆಚೆಗೆ ವಯನಾಡಿನ ಕಾಡು, ನೀಲಗಿರಿಯ ಸಾಲು ಕಾಣುತ್ತೆ. ಕೇರಳ ಅಷ್ಟು ಹತ್ತಿರ. ಹಾಗಂತ ಬೆಟ್ಟದ ಮಳೆ ನೀರು ಕೊಚ್ಚಿಗೆ ಹೋಗುತ್ತೆ ಅಂದುಕೊಳ್ಳಬೇಡಿ. ನಮ್ಮದು ಕಾವೇರಿ ಕಡೆಯ ನೀರು, ಪೂರ್ವದ ಕಡಲಿಗೆ ಸೇರುವಂಥದ್ದು. ವೆಂಬನಾಡಿಗೆ ಬರುವುದು ಘಟ್ಟದ ಪಶ್ಚಿಮಕ್ಕೆ ಹರಿಯುವ ಪೆರಿಯಾರ್, ಮೂವಾಟ್ಟುಪುಳ, ಪಂಪಾ ಮುಂತಾದ ಹೊಳೆಗಳು. ಪ್ರತಿ ಮಳೆಗಾಲ ಅವು ಮಣ್ಣು ತರುತ್ತವೆ, ಸಮುದ್ರ ತನ್ನ ಕಡೆಯಿಂದ ಮರಳು ತಳ್ಳುತ್ತೆ. ಹೀಗಾಗಿ ಬ್ರಿಸ್ಟೋ ತೆರೆದ ದಾರಿ ತಾನಾಗಿ ತೆರೆದುಕೊಂಡು ಇರುವುದಿಲ್ಲ. ವರ್ಷವರ್ಷವೂ ಹೂಳೆತ್ತಬೇಕು, ಬಂದರಿನ ಆದಾಯದಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತೆ. ಅಲ್ಲಿನ ಜನ 1341 ರ ಪೆರಿಯಾರ್ ಪ್ರವಾಹದ ಕಥೆ ಹೇಳುತ್ತಾರೆ: ಆ ಪ್ರವಾಹದಲ್ಲಿ ಕೊಡುಂಗಲ್ಲೂರಿನ ಹಳೇ ಬಂದರು ಹೂಳು ತುಂಬಿ ಮುಚ್ಚಿಹೋಗಿ, ಕೊಚ್ಚಿಯ ಬಾಯಿ ತೆರೆದುಕೊಂಡಿತಂತೆ.

ಕೊಚ್ಚಿಯ ದಕ್ಷಿಣಕ್ಕಿರುವ ಚೆಲ್ಲಾನಂ ಊರಿನ ಮೀನುಗಾರರದ್ದು ಬೇರೆ ಮಾತು. ಅವರ ಮನೆಗಳಿಗೆ ಕಡಲು ನುಗ್ಗುವುದು ಮಾಮೂಲಾಗಿದೆ. ಬಂದರಿಗಾಗಿ ಆಳ ಮಾಡಿದ್ದರಿಂದಲೇ ನಮ್ಮ ದಂಡೆಗೆ ಮರಳು ಬರುತ್ತಿಲ್ಲ ಅಂತ ವರ್ಷಗಳಿಂದ ದೂರುತ್ತಿದ್ದಾರೆ. ಈಚೆಗೆ ಒಂದಷ್ಟು ದೂರ ಕಾಂಕ್ರೀಟ್ ದಿಮ್ಮಿಗಳ ತಡೆಗೋಡೆ ಆಗಿದೆ, ಉಳಿದ ಕಡೆಗೂ ಬೇಕು ಅನ್ನುವುದು ಅವರ ಹೋರಾಟ.

ನೋಡಲು ಹೋಗುವವರಿಗೆ: ಎರ್ನಾಕುಲಂನಿಂದ ಸೇತುವೆ ದಾಟಿ ಬಸ್ಸು, ಆಟೋದಲ್ಲಿ ಹೋಗಬಹುದು. ದೋಣಿಯಲ್ಲಿ ಹೋದರೆ ದ್ವೀಪದ ಆಕಾರ ಚೆನ್ನಾಗಿ ಗೊತ್ತಾಗುತ್ತೆ. ನೌಕಾಪಡೆಯ ಜಾಗ, ಬಂದರಿನ ಒಳಗೆ ಸಾರ್ವಜನಿಕರಿಗೆ ಪ್ರವೇಶ ಇಲ್ಲ, ಅಲ್ಲಿ ಮೊಬೈಲ್ ಎತ್ತಿ ಫೋಟೋ ತೆಗೆಯಲು ಹೋಗಬೇಡಿ. ವಾಪಸ್ ಬರುವಾಗ ಬಂಡೀಪುರ ದಾರಿಯ ರಾತ್ರಿ ಸಂಚಾರ ನಿಷೇಧ ನೆನಪಿರಲಿ. ಸುಲ್ತಾನ್ ಬತ್ತೇರಿ ಕಡೆಯಿಂದ ಬಂದರೂ, ಗೂಡಲೂರು ಕಡೆಯಿಂದ ಬಂದರೂ ರಾತ್ರಿ 9 ರೊಳಗೆ ಚೆಕ್‌ಪೋಸ್ಟ್ ದಾಟದಿದ್ದರೆ ಬೆಳಗ್ಗೆ 6 ರವರೆಗೆ ಅಲ್ಲೇ.