ಉತಾರದ ಕಾಲಂ 3 ಮತ್ತು 9: ಬಳುವಳಿಯಾಗಿ ಬಂದ ತಪ್ಪುಗಳು

ಬರೀ 'ಹಿಪ್ಪರಗಿ' ಎಂದು ಬರೆದರೆ ಯಾವ ಹಿಪ್ಪರಗಿ? ವಿಜಯಪುರ ಜಿಲ್ಲೆಯೊಂದರಲ್ಲೇ ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿ ಇದೆ. ಮೊದಲು ಸಿಂದಗಿ ತಾಲ್ಲೂಕಿಗೆ ಸೇರಿದ್ದ ದೇವರ ಹಿಪ್ಪರಗಿಯೂ ಇದೆ. ಕೃಷ್ಣೆಯ ಬ್ಯಾರೇಜಿನಿಂದ ಹೆಸರಾದದ್ದು ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿ. ಊರವರಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಕಂಪ್ಯೂಟರಿಗೆ ಬರೆದದ್ದಷ್ಟೇ ಗೊತ್ತು, ಬರೆಯದೆ ಬಿಟ್ಟದ್ದು ಗೊತ್ತಿಲ್ಲ. ಕರ್ನಾಟಕದ ಜಮೀನು ದಾಖಲೆಗಳ ಕಥೆಯ ತಿರುಳೂ ಇದೇ.

ಪಹಣಿಗೆ ಈ ಭಾಗದಲ್ಲಿ 'ಉತಾರ' ಎನ್ನುತ್ತಾರೆ. ಅದರ ಹಿಂದಿರುವುದು ಮುಂಬಯಿ ಸರಕಾರದ ಕಾಲದ ಸರ್ವೆ. 1835ರ ಸುಮಾರಿಗೆ ಪುಣೆ ಬಳಿಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಪದ್ಧತಿ ದಕ್ಷಿಣಕ್ಕೂ ಹಬ್ಬಿತು. 33 ಅಡಿ ಚೌಕ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ 16 ಆಣೆ. ಲೆಕ್ಕ ಬರೆಯುತ್ತಿದ್ದವರು ಕುಲಕರ್ಣಿಗಳು. ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯೂ ಉಂಟು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದ ಮೇಲೆ ಬರಹ ಗ್ರಾಮ ಲೆಕ್ಕಿಗರ ಕೈಗೆ ಬಂತು. ಒಬ್ಬರು 'ಬಸಪ್ಪ' ಎಂದದ್ದನ್ನು ಇನ್ನೊಬ್ಬರು 'ಬಸವಪ್ಪ' ಎಂದರು. ಹಿಸ್ಸೆ ಅಳೆಯದ ಕಡೆ 'ಪೈಕಿ' ಎಂದು ಬರೆದು ಮುಂದೆ ಸಾಗಿದರು.

'ಭೂಮಿ' ಯೋಜನೆಯಡಿ ಇವೆಲ್ಲ ಕಂಪ್ಯೂಟರ್ ಸೇರಿದವು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಬೆರಳಚ್ಚಿಗೆ ಇಳಿಸಲಾಯಿತು. 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿದು, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಲಂಚ, ಅಲೆದಾಟ ಕಡಿಮೆಯಾದದ್ದು ನಿಜ. ಆದರೆ ಪುಸ್ತಕದಲ್ಲಿದ್ದ ತಪ್ಪುಗಳೂ ಚೊಕ್ಕ ಅಕ್ಷರಗಳಲ್ಲಿ ಅಚ್ಚಾಗಿ ಬಂದವು. ಬೆರಳಚ್ಚಿನ ಹೊಸ ತಪ್ಪುಗಳು ಅವುಗಳ ಜೊತೆ ಸೇರಿದವು.

ಇವುಗಳಲ್ಲಿ ಹೆಸರುವಾಸಿಯಾದದ್ದು ಕಾಲಂ 3 ಮತ್ತು 9ರ ತಕರಾರು. ಮೂರನೆಯ ಕಾಲಮ್ಮಿನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಕಳೆಯಬೇಕಾದ ಖರಾಬು ಇರುತ್ತದೆ. ಒಂಬತ್ತರಲ್ಲಿ ಮಾಲೀಕರ ಹೆಸರು ಮತ್ತು ಪ್ರತಿಯೊಬ್ಬರ ಪಾಲು. ಖರಾಬು ಕಳೆದು ಉಳಿದದ್ದೂ ಪಾಲುಗಳ ಮೊತ್ತವೂ ಒಂದೇ ಇರಬೇಕು. ಎಷ್ಟೋ ಉತಾರಗಳಲ್ಲಿ ಅದು ತಾಳೆಯಾಗುವುದಿಲ್ಲ.

ಗುಂಟೆಯ ಲೆಕ್ಕವೇ ಇಲ್ಲಿ ಮೋಸ ಮಾಡುವಂಥದ್ದು. ಅಣ್ಣತಮ್ಮಂದಿರಿಬ್ಬರಿಗೆ 1.25ರಂತೆ ಪಾಲು ಬಂದಿದೆ ಎನ್ನೋಣ. ದಶಾಂಶವೆಂದು ಕೂಡಿದರೆ ಎರಡೂವರೆ ಎಕರೆ. ಆದರೆ ಚುಕ್ಕೆಯ ಮುಂದಿರುವುದು ಗುಂಟೆ. 25ಕ್ಕೆ 25 ಸೇರಿದರೆ 50 ಗುಂಟೆ, ಅಂದರೆ 1 ಎಕರೆ 10 ಗುಂಟೆ. ಒಟ್ಟು 3 ಎಕರೆ 10 ಗುಂಟೆ. ಒಂದು ಚುಕ್ಕೆಯ ಅರ್ಥ ತಪ್ಪಿದರೆ 30 ಗುಂಟೆ ಹೊಲ ಕಾಗದದಲ್ಲಿ ಮಾಯ!

ಹಾಗಾದರೆ ತಂತ್ರಾಂಶದಿಂದಲೇ ಎಲ್ಲವನ್ನೂ ಒಮ್ಮೆಲೇ ಸರಿಪಡಿಸಬಾರದೇ? ತಾಳೆಯಾಗದ ಸಾಲುಗಳನ್ನು ಯಂತ್ರ ಕ್ಷಣದಲ್ಲಿ ಹೆಕ್ಕಿ ಕೊಡಬಲ್ಲದು. ಆದರೆ ಯಾರ ಪಾಲಿನಲ್ಲಿ ಕಡಿಮೆ ಮಾಡಬೇಕು ಎಂಬುದನ್ನು ಅದು ಹೇಳಲಾರದು. ಅಂಕಿ ಬದಲಾದರೆ ಹಕ್ಕೇ ಬದಲಾಗುತ್ತದೆ. ಆದ್ದರಿಂದ ಹಳೆಯ ಕೈಬರಹದ ಪಹಣಿ, ವಾಟ್ನಿ ಪತ್ರ, ಸರ್ವೆ ನಕ್ಷೆ ತೆಗೆದು ನೋಡಬೇಕು. ಸಂಬಂಧಪಟ್ಟವರ ಮಾತು ಕೇಳಬೇಕು. ಬೆರಳಚ್ಚಿನ ತಪ್ಪೇ ಬೇರೆ, ಪಾಲಿನ ವ್ಯಾಜ್ಯವೇ ಬೇರೆ. ಅಲ್ಲಿಯವರೆಗೆ ರೈತನಿಗೆ ಪೋಡಿ, ಮಾರಾಟಗಳಲ್ಲಿ ಅಡಚಣೆ ತಪ್ಪದು.

2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ತೀರಿಕೊಂಡವರ ಹೆಸರಿನಲ್ಲೇ ಲಕ್ಷಗಟ್ಟಲೆ ಜಮೀನು ಉಳಿದಿತ್ತು. ಮೊಮ್ಮಕ್ಕಳು ಉಳುತ್ತಿರುವ ಹೊಲಕ್ಕೆ ಕಾಗದದಲ್ಲಿ ಅಜ್ಜನೇ ಮಾಲೀಕ. ಪೌತಿ ಖಾತೆಗೆ ಯಾರೂ ಅರ್ಜಿ ಹಾಕಿರಲಿಲ್ಲ.

ಹೊಲದ ಜೊತೆಗೆ ಹೊಲದ ಬರಹವೂ ಪಿತ್ರಾರ್ಜಿತವೇ. ಹೊಲದ ಕಸ ಕೀಳುವ ರೈತ ವರ್ಷಕ್ಕೊಮ್ಮೆ ಉತಾರ ತೆಗೆಸಿ, ಮೂರನ್ನೂ ಒಂಬತ್ತನ್ನೂ ಕೂಡಿ ನೋಡುವುದು ಒಳಿತು.