ಜೀರ್ಣಪಕ್ಷಾಘಾತವೂ ವಿದ್ಯುಚ್ಚಿಕಿತ್ಸೆಯ ಪರೀಕ್ಷೆಯೂ

ಶರೀರದ ಒಂದು ಪಾರ್ಶ್ವವು ಹಠಾತ್ತಾಗಿ ಸ್ವಾಧೀನ ತಪ್ಪುವ ವ್ಯಾಧಿಗೆ ಶಾಸ್ತ್ರದಲ್ಲಿ ಪಕ್ಷಾಘಾತವೆಂದು ಹೆಸರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪ್ರಾಂತದ ಜನರು ಇದನ್ನು ಲಕವಾ ಎನ್ನುವರು. ಈ ತಾಲೂಕುಗಳ ಜಿಲ್ಲಾಸ್ಥಾನವಾದ ಬೆಳಗಾವಿಯಲ್ಲಿ 1933ರಿಂದ ಆಯುರ್ವೇದ ಮಹಾವಿದ್ಯಾಲಯವೂ, 1963ರಿಂದ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ ಇವೆ. ವ್ಯಾಧಿಯು ಹಳತಾದ ಮೇಲೆ ಯಂತ್ರಶಕ್ತಿಯಿಂದ ಗುಣವಾದೀತೇ ಎಂದು ರೋಗಿಯ ಮನೆಯವರು ಕೇಳುವುದುಂಟು. ಈ ಪ್ರಶ್ನೆಗೆ ಪ್ರಾಚೀನವಾದ ಇತಿಹಾಸವಿದೆ.

ಶುದ್ಧವಾತದಿಂದಾದ ಪಕ್ಷಾಘಾತವು ಅತಿ ಕೃಚ್ಛ್ರಸಾಧ್ಯ, ಅನ್ಯದೋಷಸಂಸರ್ಗವುಳ್ಳದ್ದು ಸಾಧ್ಯ, ಧಾತುಕ್ಷಯದಿಂದಾದುದು ಅಸಾಧ್ಯ ಎಂದು ಸುಶ್ರುತಸಂಹಿತೆಯ ನಿದಾನಸ್ಥಾನವು ವಿಭಾಗಿಸಿದೆ. ಅಂಗವು ಬಾಡದೆ, ವೇದನೆಯ ಅರಿವುಳ್ಳವನಾಗಿ, ಧೈರ್ಯವೂ ಸಾಧನಸಂಪತ್ತೂ ಉಳ್ಳ ರೋಗಿಗೆ ಚಿಕಿತ್ಸೆಯನ್ನಾರಂಭಿಸಿ ಮೂರು ನಾಲ್ಕು ತಿಂಗಳು ನಡೆಸತಕ್ಕದ್ದೆಂದು ಚಿಕಿತ್ಸಾಸ್ಥಾನವು ವಿಧಿಸುತ್ತದೆ. ಚೇತರಿಕೆಯ ಬಹುಭಾಗವು ಮೊದಲ ಕೆಲವು ತಿಂಗಳಲ್ಲಿಯೇ ಆಗುವುದೆಂಬ ಇಂದಿನ ವೈದ್ಯರ ಅನುಭವದೊಡನೆ ಈ ಅವಧಿಯನ್ನು ಹೋಲಿಸಿ ನೋಡುವುದು ಯೋಗ್ಯವಾಗಿದೆ.

ವಿದ್ಯುತ್ತಿನ ಪರೀಕ್ಷೆಯು ಹದಿನೆಂಟನೆಯ ಶತಮಾನದಲ್ಲಿ ನಡೆಯಿತು. ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಬಳಿಗೆ ಕರೆತಂದ ಪಕ್ಷಾಘಾತರೋಗಿಗಳ ಅಂಗಗಳಿಗೆ ಎರಡು ದೊಡ್ಡ ಗಾಜಿನ ಜಾಡಿಗಳ ವಿದ್ಯುದಾಘಾತವನ್ನು ದಿನಕ್ಕೆ ಮೂರು ಸಲ ಕೊಟ್ಟನು. ಮೊಣಕಾಲ ಮೇಲಿಂದ ಕೈಯನ್ನೆತ್ತಲಾರದವನು ದಿನೇ ದಿನೇ ಹೆಚ್ಚು ಎತ್ತಿ, ಐದನೆಯ ದಿನ ತಲೆಯ ಟೊಪ್ಪಿಗೆಯನ್ನು ತೆಗೆಯುವಷ್ಟಾದನು. ಐದನೆಯ ದಿನದಿಂದಾಚೆಗೆ ಮಾತ್ರ ಗುಣವು ಮುಂದುವರಿಯಲಿಲ್ಲ. ರೋಗಿಗಳು ಮನೆಗೆ ಮರಳಿ ಮೊದಲಿನ ಸ್ಥಿತಿಗಿಳಿದರು. 1757ರ ಪತ್ರದಲ್ಲಿ ಫ್ರಾಂಕ್ಲಿನ್ನನು ಇದನ್ನು ಮುಚ್ಚಿಡದೆ ತಿಳಿಸಿ, ಆ ಕ್ಷಣಿಕ ಲಾಭದಲ್ಲಿ ಪ್ರಯಾಣದ ವ್ಯಾಯಾಮಕ್ಕೂ ಗುಣದ ಆಶೆಗೂ ಎಷ್ಟು ಪಾಲೆಂಬುದನ್ನು ಹೇಳಲಾರೆನೆಂದನು. ಕುಶಲವೈದ್ಯನ ಔಷಧಪಥ್ಯಗಳು ಜೊತೆಗಿದ್ದಿದ್ದರೆ ಸ್ಥಿರಲಾಭವಾಗಬಹುದಿತ್ತೇನೋ ಎಂದೂ ಸೂಚಿಸಿದನು.

ಆಶೆಯ ಪಾಲನ್ನು ಬೇರ್ಪಡಿಸುವ ಉಪಾಯವು 1784ರಲ್ಲಿ ಪ್ಯಾರಿಸಿನಲ್ಲಿ ಕಂಡುಬಂದಿತು. ಮೆಸ್ಮರನ ಜೀವಾಯಸ್ಕಾಂತವಾದವನ್ನು ಪರೀಕ್ಷಿಸಿದ ರಾಜಮಂಡಲಿಯಲ್ಲಿ ಫ್ರಾಂಕ್ಲಿನ್ನನೂ ಇದ್ದನು. ಕಣ್ಣು ಕಟ್ಟಿದವರಲ್ಲಿ ಪರಿಣಾಮವು ಪ್ರಯೋಗವನ್ನನುಸರಿಸದೆ ಅವರ ಭಾವನೆಯನ್ನನುಸರಿಸಿತು.

ಈ ನ್ಯಾಯವೇ 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಪರಿಪೂರ್ಣವಾಯಿತು. ವ್ಯಾಧಿಯಾಗಿ ಒಂಬತ್ತು ತಿಂಗಳಿಗೂ ಮೇಲ್ಪಟ್ಟ 108 ಮಂದಿಗೆ ಎದೆಯ ಚರ್ಮದೊಳಗೆ ಯಂತ್ರವನ್ನಿಟ್ಟು, ಕೈಯ ವ್ಯಾಯಾಮ ನಡೆಯುತ್ತಿರುವಾಗ ಕೊರಳಿನ ವೇಗಸ್ ನರಕ್ಕೆ 53 ಮಂದಿಯಲ್ಲಿ ನಿಜವಾದ ವಿದ್ಯುತ್ಸ್ಪಂದನವನ್ನೂ, 55 ಮಂದಿಯಲ್ಲಿ ಅದರ ಅನುಕರಣವನ್ನೂ ಕೊಡಲಾಯಿತು. ಆರು ವಾರಗಳ ತರುವಾಯ ಕೈಯ ಚಲನೆಯ ಅಂಕವು ಮೊದಲಿನವರಲ್ಲಿ ಸರಾಸರಿ 5.0, ಎರಡನೆಯವರಲ್ಲಿ 2.4 ಹೆಚ್ಚಿತು. ಈ 2.4ನ್ನು ವ್ಯಾಯಾಮ, ಆಶೆ ಮೊದಲಾದವುಗಳ ಪಾಲೆಂದೂ, ಉಳಿದುದನ್ನು ಯಂತ್ರದ ಪಾಲೆಂದೂ ಗ್ರಹಿಸಬಹುದು. ವಿದ್ಯುತ್ತು ಸಹಕಾರಿಯಾಯಿತೇ ಹೊರತು ಅಭ್ಯಾಸದ ಸ್ಥಾನವನ್ನಾಕ್ರಮಿಸಲಿಲ್ಲ.

ಆದುದರಿಂದ ಜೀರ್ಣಪಕ್ಷಾಘಾತಕ್ಕೆ ಶಕ್ತಿಯಂತ್ರವೊಂದನ್ನು ಯಾರಾದರೂ ತಂದಾಗ, ಅನುಕರಣಯಂತ್ರದೊಡನೆ ಹೋಲಿಸಿದ್ದುಂಟೇ, ಲಾಭವು ತಿಂಗಳುಗಟ್ಟಲೆ ನಿಂತಿತೇ ಎಂಬೆರಡು ಪ್ರಶ್ನೆಗಳು ಮೊದಲು ಬರತಕ್ಕವು. ಹೊಲವನ್ನು ಒತ್ತೆಯಿಟ್ಟು ಚಿಕಿತ್ಸೆ ಮಾಡಿಸುವ ಕುಟುಂಬಕ್ಕೆ ಐದು ದಿನದ ಗುಣವು ಗುಣವಲ್ಲ. ಚರಕಾಚಾರ್ಯರು ಪ್ರತ್ಯಕ್ಷದೊಡನೆ ಯುಕ್ತಿಯನ್ನೂ ಪರೀಕ್ಷೆಯ ಸಾಧನವಾಗಿ ಎಣಿಸಿದುದರ ಪ್ರಯೋಜನವು ಇಲ್ಲಿಯೇ ಸ್ಪಷ್ಟವಾಗುತ್ತದೆ.