ಹೊಸೂರಿನ ಕಿರುಹಳಿ: ಗಡಿಯೊಳಗೆ ನಿಂತ ಕ್ಷಾಮರಕ್ಷಕ ಮಾರ್ಗ

1876–78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಒಳನಾಡಿಗೆ ಧಾನ್ಯ ಸಾಗಿಸುವುದೇ ದುಸ್ತರವಾಗಿತ್ತು. 1880ರ ಕ್ಷಾಮ ಆಯೋಗವು ಇಂತಹ ಪ್ರದೇಶಗಳಿಗೆ ಕ್ಷಾಮರಕ್ಷಕ ರೈಲುಮಾರ್ಗಗಳನ್ನು ಶಿಫಾರಸು ಮಾಡಿತು. ಅಂದಿನ ಸೇಲಂ ಜಿಲ್ಲೆಯ ಮೊರಪ್ಪೂರು–ಹೊಸೂರು ಮಾರ್ಗ ಆ ಚಿಂತನೆಯ ಫಲ. ಎರಡೂವರೆ ಅಡಿ ಅಗಲದ ಈ ಕಿರುಹಳಿ 1906ರಲ್ಲಿ ಧರ್ಮಪುರಿಯನ್ನೂ 1913ರಲ್ಲಿ ಹೊಸೂರನ್ನೂ ಮುಟ್ಟಿತು.

ಮಾರ್ಗದ ದಿಕ್ಕು ಗಮನಾರ್ಹವಾದುದು. ಮೊರಪ್ಪೂರು ಮದ್ರಾಸಿನ ಮುಖ್ಯಮಾರ್ಗದ ಮೇಲಿನ ನಿಲ್ದಾಣ. ಧಾನ್ಯ ಬರಬೇಕಾದದ್ದು ಅಲ್ಲಿಂದ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರು ಮಾತ್ರ. ಆದರೂ ಹಳಿಯು ಮೈಸೂರು ಸಂಸ್ಥಾನದ ಗಡಿಯನ್ನು ದಾಟಲಿಲ್ಲ. ಕನ್ನಡ, ತೆಲುಗು, ತಮಿಳು ಬೆರೆತ ಈ ತಾಲ್ಲೂಕಿನಲ್ಲಿ ಕನ್ನಡಿಗರ ನುಡಿನಂಟು ವಾಯವ್ಯಕ್ಕೆ ಚಾಚಿದ್ದರೆ, ರೈಲಿನ ನಂಟು ಆಗ್ನೇಯಕ್ಕೆ ಚಾಚಿತ್ತು.

ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಮಾರ್ಗ ಮುಚ್ಚಿತು, ಹಳಿಗಳನ್ನು ಕಿತ್ತೊಯ್ಯಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿದಾಗ ಅಲ್ಲಿ ರೈಲೇ ಇರಲಿಲ್ಲ. ಅದನ್ನು ಬೆಂಗಳೂರಿಗೆ ಬೆಸೆದ ಸೇಲಂ–ಬೆಂಗಳೂರು ಮೀಟರ್ ಗೇಜ್ ಮಾರ್ಗ ಬಂದದ್ದು 1960ರ ದಶಕದಲ್ಲಿ, ರಾಜ್ಯಗಳ ಎಲ್ಲೆ ನಿರ್ಧಾರವಾದ ಬಳಿಕ.

ಕಿರುಹಳಿಯನ್ನು ಹಾಕಿದವರ ಲೆಕ್ಕದಲ್ಲಿ ಇದ್ದದ್ದು ಧಾನ್ಯವೇ ಹೊರತು ಭಾಷೆಯಲ್ಲ. ಆದರೂ ಜನಸಂಚಾರವನ್ನು ಮೂರು ದಶಕ ಒಂದೇ ದಿಕ್ಕಿಗೆ ತಿರುಗಿಸಿದ ಮಾರ್ಗವನ್ನು ಬಿಟ್ಟು, ಜನಗಣತಿಯ ಭಾಷಾಕೋಷ್ಟಕಗಳಿಂದಲೇ ಹೊಸೂರಿನ ಚರಿತ್ರೆಯನ್ನು ಬರೆದರೆ ಅದು ಅಪೂರ್ಣವೇ ಸರಿ.